‘ಹೇಳಕ್ಕಾಗಲ್ಲ ಸರ್’

ಕುದುರೆ ರೇಸಿನಲ್ಲಿ ತೀರ್ಪು ಕೊಡುವ ಅಧಿಕಾರಿಗಳಾದ ಸ್ಟೀವರ್ಡ್‌ಗಳ ಕೊಠಡಿಯಲ್ಲಿ ವಿಚಾರಣೆಯ ಮಾತುಗಳನ್ನು ಬರೆದುಕೊಳ್ಳುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೆ. ಓಟ ಮುಗಿದ ಮೇಲೆ ಯಾರಾದರೂ ಆಕ್ಷೇಪ ಎತ್ತಿದರೆ, ಅಥವಾ ಸ್ಟೀವರ್ಡ್‌ಗಳಿಗೇ ಅನುಮಾನ ಬಂದು ವಿಚಾರಣೆ ಕರೆದರೆ, ಜಾಕಿಗಳೂ ಟ್ರೇನರ್‌ಗಳೂ ಹೇಳುವುದನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಸಂಜೆ ಅದನ್ನು ಟೈಪು ಮಾಡಿ ಕಡತಕ್ಕೆ ಸೇರಿಸುವುದು ನನ್ನ ಹೊಣೆಯಾಗಿತ್ತು. ಆ ದಿನಗಳಲ್ಲಿ ನಾನು ಬರೆದ ನೂರಾರು ಪುಟಗಳಲ್ಲಿ ಒಂದೇ ಒಂದು ಸಾಲು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅದು ಆ ದಿನದ ಆರನೆಯ ಓಟ, 1400 ಮೀಟರ್ ದೂರದ್ದು. ಕೊನೆಯ ತಿರುವು ಕಳೆದು ನೇರ ದಾರಿಗೆ ಬರುವ ಹೊತ್ತಿಗೆ ಎರಡು ಕುದುರೆಗಳು ಉಳಿದವುಗಳನ್ನು ಹಿಂದೆ ಬಿಟ್ಟಿದ್ದವು. ಒಳಗಿನ ರೇಲಿಂಗ್ ಪಕ್ಕದಲ್ಲಿ ಮುಂದಿದ್ದ ಕುದುರೆಯ ಮೇಲೆ ಅನುಭವಿ ಜಾಕಿಯೊಬ್ಬರಿದ್ದರು. ಅದರ ಹೊರಬದಿಯಲ್ಲಿ, ಸುಮಾರು ಅರ್ಧ ಲೆಂಗ್ತ್ (ಕುದುರೆಯ ಮೈಯುದ್ದದ ಅರ್ಧ) ಹಿಂದೆ, ಇನ್ನೂ ಸವಾರಿ ಕಲಿಯುತ್ತಿದ್ದ ಅಪ್ರೆಂಟಿಸ್ ಹುಡುಗನ ಕುದುರೆ ಒಂದೊಂದೇ ಹೆಜ್ಜೆಗೆ ಅಂತರ ಕಡಿಮೆ ಮಾಡುತ್ತ ಬರುತ್ತಿತ್ತು. ಇನ್ನು 200 ಮೀಟರ್ ಇರುವಾಗ ಮುಂದಿನ ಕುದುರೆ ಹೊರಗೆ ವಾಲಿ ಹುಡುಗನ ದಾರಿಗೆ ಅಡ್ಡ ಬಂತು. ಅವನು ರಿಕಾಪಿನ ಮೇಲೆ ಎದ್ದು ನಿಂತು ಲಗಾಮು ಎಳೆದ. ಮೂರು ಹೆಜ್ಜೆಗಳ ಲಯ ತಪ್ಪಿತು. ಮತ್ತೆ ಹೊರಕ್ಕೆ ತಿರುಗಿಸಿ ಓಡಿಸಿದ ಮೇಲೂ ಕುದುರೆ ಗುರಿಗೆರೆಯಲ್ಲಿ ಕುತ್ತಿಗೆಯಷ್ಟು ಅಂತರದಲ್ಲಿ ಸೋತಿತು.

ರೇಸು ಹತ್ತಿರದಿಂದ ನೋಡದವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಓಡುವ ಕುದುರೆಯ ತೂಕ ಸುಮಾರು 450ರಿಂದ 500 ಕಿಲೋ. ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಅದು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ. ಒಂದು ಲೆಂಗ್ತ್ ಎಂದರೆ ಕುದುರೆಯ ಮೂಗಿನಿಂದ ಹಿಂಭಾಗದವರೆಗಿನ ಅಳತೆ, ಸರಿಸುಮಾರು 2.4 ಮೀಟರ್. ಅಂದರೆ ಒಂದು ಲೆಂಗ್ತ್ ಕಳೆದುಕೊಳ್ಳಲು ಸೆಕೆಂಡಿನ ಸುಮಾರು ಏಳನೆಯ ಒಂದು ಭಾಗ ಸಾಕು, ಕುತ್ತಿಗೆಯ ಅಂತರಕ್ಕೆ ಅದಕ್ಕಿಂತಲೂ ಎಷ್ಟೋ ಕಡಿಮೆ. ಹಿಂದಿನ ಕುದುರೆಯ ಮುಂಗಾಲು ಮುಂದಿನದರ ಹಿಂಗಾಲಿಗೆ ತಾಗಿದರೆ ಇಬ್ಬರು ಸವಾರರೂ ಎರಡು ಪ್ರಾಣಿಗಳೂ ನೆಲಕ್ಕೆ ಬೀಳಬಹುದು. ಲಗಾಮು ಎಳೆಯುವ ನಿರ್ಧಾರವನ್ನು ಹುಡುಗ ಯೋಚಿಸಿ ತೆಗೆದುಕೊಂಡಿರಲು ಸಾಧ್ಯವೇ ಇರಲಿಲ್ಲ. ಅದು ಅವನ ಕೈಗೆ ಬಂದಿದ್ದ ವಿದ್ಯೆ.

ವಿಚಾರಣೆಯ ಸೂಚನೆ ಬಿತ್ತು. ಕೊಠಡಿಯಲ್ಲಿ ಮೂವರು ಸ್ಟೀವರ್ಡ್‌ಗಳು ಎದುರಿನಿಂದ ತೆಗೆದ ಚಿತ್ರಣವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಯಾರು ಎಷ್ಟು ಮುಂದಿದ್ದಾರೆಂದು ತಿಳಿಯುತ್ತದೆ, ಆದರೆ ಕುದುರೆ ತನ್ನ ಸಾಲು ಬಿಟ್ಟಿತೇ ಎಂಬುದನ್ನು ಎದುರಿನ ಕ್ಯಾಮೆರಾ ಮಾತ್ರ ತೋರಿಸಬಲ್ಲುದು. ಅನುಭವಿ ಜಾಕಿಯ ಚಾವಟಿ ರೇಲಿಂಗ್ ಬದಿಯ ಕೈಯಲ್ಲಿತ್ತು. ಏಟು ಬಿದ್ದ ಬದಿಯಿಂದ ಕುದುರೆ ದೂರ ಸರಿಯುವುದು ಸಹಜ, ಹಾಗಾಗಿ ಅದು ಹೊರಗೆ ವಾಲಿತು. ಅಷ್ಟಾದರೆ ಅಚಾತುರ್ಯ ಎನ್ನಬಹುದಿತ್ತು. ಆದರೆ ಕುದುರೆ ವಾಲುತ್ತಿರುವುದು ಗೊತ್ತಾದ ಮೇಲೂ ಅವರು ಚಾವಟಿಯನ್ನು ಇನ್ನೊಂದು ಕೈಗೆ ಬದಲಿಸಲಿಲ್ಲ, ಕುದುರೆಯನ್ನು ನೇರಗೊಳಿಸಲಿಲ್ಲ, ಇನ್ನೆರಡು ಏಟು ಹಾಕಿದರು. ಆಕಸ್ಮಿಕವಾಗಿ ಅಡ್ಡ ಬಂದದ್ದಕ್ಕೂ ಅಜಾಗರೂಕ ಸವಾರಿಗೂ ಇರುವ ವ್ಯತ್ಯಾಸ ಆ ಎರಡು ಏಟುಗಳಲ್ಲಿತ್ತು.

ಹುಡುಗನನ್ನು ಒಳಗೆ ಕರೆದರು. ಬೆವರು ಆರಿರಲಿಲ್ಲ, ಕನ್ನಡಕ ಹಣೆಯ ಮೇಲೆಯೇ ಇತ್ತು, ಮೊಣಕಾಲಿನವರೆಗೂ ಮಣ್ಣು ಮೆತ್ತಿಕೊಂಡಿತ್ತು. ಎದುರಿಗೆ ನಿಂತಿದ್ದ ಹಿರಿಯ ಜಾಕಿಯ ಜೊತೆಯಲ್ಲೇ ಅವನು ದಿನವೂ ಬೆಳಗಿನ ಜಾವ ಕುದುರೆಗಳಿಗೆ ಅಭ್ಯಾಸ ಮಾಡಿಸುತ್ತಿದ್ದನೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಕೇಳಿದ ಪ್ರಶ್ನೆ ನೇರವಾಗಿತ್ತು: ‘ಅಡ್ಡ ಬರದೆ ಇದ್ದಿದ್ದರೆ ನೀವು ಗೆಲ್ಲುತ್ತಿದ್ದಿರಾ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅಡ್ಡ ಬಂದದ್ದು ನಿಜ ಸರ್. ಎಳೀದೇ ಇದ್ದಿದ್ರೆ ಬೀಳ್ತಿದ್ವಿ. ಆದ್ರೆ ಗೆದ್ದೇ ಗೆಲ್ತಿದ್ದೆ ಅಂತ ಹೇಳಕ್ಕಾಗಲ್ಲ ಸರ್.’

ಬಾಗಿಲ ಬಳಿ ನಿಂತಿದ್ದ ಅವನ ಟ್ರೇನರ್ ತಲೆ ತಗ್ಗಿಸಿದರು. ಆ ಕೊಠಡಿಯಲ್ಲಿ ‘ಸುಲಭವಾಗಿ ಗೆಲ್ಲುತ್ತಿದ್ದೆ’ ಎಂದು ಎದೆ ತಟ್ಟಿ ಹೇಳಿದವರನ್ನು, ನಾಲ್ಕು ಲೆಂಗ್ತ್ ಹಿಂದೆ ಬಂದವರೂ ಹಾಗೆ ಹೇಳಿದ್ದನ್ನು, ನಾನು ಎಷ್ಟೋ ಸಲ ಬರೆದುಕೊಂಡಿದ್ದೆ.

ಅಡ್ಡಿಯ ಬಗ್ಗೆ ರೇಸಿನ ಲೋಕದಲ್ಲಿ ಎರಡು ಬಗೆಯ ನಿಯಮಗಳಿವೆ. ಮೊದಲನೆಯದರ ಪ್ರಕಾರ, ಅಡ್ಡಿಗೊಳಗಾದ ಕುದುರೆ ಆ ಅಡ್ಡಿ ಇಲ್ಲದಿದ್ದರೆ ಅಡ್ಡ ಬಂದ ಕುದುರೆಗಿಂತ ಮುಂದೆ ಬರುತ್ತಿತ್ತು ಎಂದು ಸ್ಟೀವರ್ಡ್‌ಗಳಿಗೆ ಮನವರಿಕೆಯಾದರೆ ಮಾತ್ರ ಸ್ಥಾನ ಬದಲಾಗುತ್ತದೆ. ಇಲ್ಲವಾದರೆ ಜಾಕಿಗೆ ಶಿಕ್ಷೆ, ಫಲಿತಾಂಶ ಇದ್ದಂತೆಯೇ. ಎರಡನೆಯದರಲ್ಲಿ ಕೇಳುವ ಪ್ರಶ್ನೆ ಬೇರೆ: ಅಡ್ಡಿಯಿಂದ ಆ ಕುದುರೆಗೆ ಸಿಗಬೇಕಾದ ಉತ್ತಮ ಸ್ಥಾನ ತಪ್ಪಿತೇ? ತಪ್ಪಿದ್ದರೆ, ಅಡ್ಡ ಬಂದ ಕುದುರೆ ಎಷ್ಟೇ ಬಲಶಾಲಿಯಾಗಿದ್ದರೂ ಅಡ್ಡಿಗೊಳಗಾದ ಕುದುರೆಗಿಂತ ಹಿಂದಿನ ಸ್ಥಾನಕ್ಕೆ ಇಳಿಯುತ್ತದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾ ಮೊದಲನೆಯ ಬಗೆಯನ್ನು ಅನುಸರಿಸುತ್ತವೆ. ಜಪಾನ್ 2013ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿ 2018ರಲ್ಲಿ ಅದೇ ದಾರಿಗೆ ಬಂದವು. ಅಮೆರಿಕ ಎರಡನೆಯದನ್ನೇ ಉಳಿಸಿಕೊಂಡಿದೆ. 2019ರ ಮೇ 4ರಂದು ಕೆಂಟಕಿ ಡರ್ಬಿಯಲ್ಲಿ ಮ್ಯಾಕ್ಸಿಮಂ ಸೆಕ್ಯುರಿಟಿ ಎಂಬ ಕುದುರೆ ಒಂದೂಮುಕ್ಕಾಲು ಲೆಂಗ್ತ್ ಅಂತರದಲ್ಲಿ ಮೊದಲು ಗೆರೆ ದಾಟಿತ್ತು. ಸುಮಾರು 22 ನಿಮಿಷಗಳ ಪರಿಶೀಲನೆಯ ಬಳಿಕ, ತಿರುವಿನಲ್ಲಿ ಸಾಲು ಬಿಟ್ಟು ಬೇರೆ ಕುದುರೆಗಳಿಗೆ ಅಡ್ಡ ಬಂದಿತೆಂದು ಅದನ್ನು 17ನೆಯ ಸ್ಥಾನಕ್ಕೆ ಇಳಿಸಿದರು. 65ಕ್ಕೆ 1ರ ಬಾಜಿ ದರದಲ್ಲಿದ್ದ, ಅಂದರೆ ಗೆಲ್ಲುತ್ತದೆಂದು ಹೆಚ್ಚು ಜನ ನಂಬದಿದ್ದ, ಕಂಟ್ರಿ ಹೌಸ್ ವಿಜೇತನಾಯಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು, 2020ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಸೋತರು. ಓಟದ ದಿನ ಸ್ಟೀವರ್ಡ್‌ಗಳು ಕೊಟ್ಟ ತೀರ್ಪನ್ನು ನ್ಯಾಯಾಲಯ ಮತ್ತೆ ಕೆದಕಲಿಲ್ಲ.

ನಾನಿದ್ದಲ್ಲಿ ನಡೆಯುತ್ತಿದ್ದುದು ಮೊದಲನೆಯ ಬಗೆಯ ನಿಯಮ. ಹೀಗಾಗಿ ಹುಡುಗನ ಆ ಮಾತು ಬರೀ ಹೇಳಿಕೆಯಾಗಿರಲಿಲ್ಲ, ಇಡೀ ಪ್ರಕರಣ ಅದರ ಮೇಲೆಯೇ ನಿಂತಿತ್ತು. ಫಲಿತಾಂಶ ಬದಲಾಗಲಿಲ್ಲ. ಅನುಭವಿ ಜಾಕಿಗೆ ಕೆಲವು ದಿನಗಳ ಅಮಾನತು ಆಯಿತು. ಧ್ವನಿವರ್ಧಕದಲ್ಲಿ ‘ವಿಚಾರಣೆ ಮುಗಿದಿದೆ, ಫಲಿತಾಂಶ ಸ್ಥಿರವಾಗಿದೆ’ ಎಂಬಷ್ಟೇ ಮಾತು ಕೇಳಿಸಿತು. ಬಾಜಿಯ ಹಣ ಹಂಚಿಕೆಯಾಯಿತು. ಒಮ್ಮೆ ಹಂಚಿದ ಬಾಜಿ ಹಣ, ಮುಂದೆ ಮೇಲ್ಮನವಿಯಲ್ಲಿ ಏನೇ ಆದರೂ, ಹಿಂದಕ್ಕೆ ಬರುವುದಿಲ್ಲ. ಕಣ್ಣಾರೆ ಕಂಡ ಅಡ್ಡಿಗೆ ಫಲಿತಾಂಶ ಏಕೆ ಬದಲಾಗಲಿಲ್ಲವೆಂದು ತಿಳಿಯದೆಯೇ ಸಾವಿರಾರು ಜನ ಅಂದು ಮನೆಗೆ ಹೋದರು. ತೀರ್ಪಿಗಿಂತ ಹೆಚ್ಚಾಗಿ ಆ ಮೌನ ಅವರಿಗೆ ಅನ್ಯಾಯವೆಂದು ನನಗೆ ಆಗಲೂ ಅನಿಸಿತ್ತು.

ಸಂಜೆ ನಾನು ಟೈಪು ಮಾಡಲು ಕುಳಿತೆ. ಏಳೆಂಟು ಓಟಗಳ ದಿನ, ಮೂರು ವಿಚಾರಣೆಗಳು, ತಲೆ ಭಾರವಾಗಿತ್ತು. ಹುಡುಗನ ಹೇಳಿಕೆಯನ್ನು ನಾನು ಸಾರಾಂಶವಾಗಿ ಹೀಗೆ ಬರೆದೆ: ‘ಅಡ್ಡಿಯಾದದ್ದು ನಿಜವೆಂದೂ, ಆದರೂ ತಮ್ಮ ಕುದುರೆ ಗೆಲ್ಲುತ್ತಿರಲಿಲ್ಲವೆಂದೂ ಒಪ್ಪಿಕೊಂಡರು.’

ಮೂರನೆಯ ದಿನ ಆ ಕುದುರೆಯ ಮಾಲೀಕರು ಮೇಲ್ಮನವಿ ಸಲ್ಲಿಸಿದರು. ಕಡತ ಸಿದ್ಧಪಡಿಸಲು ಹೇಳಿದಾಗ ನಾನು ಟಿಪ್ಪಣಿ ಪುಸ್ತಕವನ್ನು ತೆರೆದು ಟೈಪು ಮಾಡಿದ ಪುಟದೊಂದಿಗೆ ಹೋಲಿಸಿದೆ. ಪುಸ್ತಕದಲ್ಲಿ ‘ಹೇಳಕ್ಕಾಗಲ್ಲ’ ಎಂದಿತ್ತು, ಪುಟದಲ್ಲಿ ‘ಒಪ್ಪಿಕೊಂಡರು’ ಎಂದಿತ್ತು. ಗೆಲ್ಲುತ್ತಿದ್ದೆ ಎಂದು ಖಚಿತವಾಗಿ ಹೇಳಲಾಗದು ಎಂಬುದಕ್ಕೂ ಗೆಲ್ಲುತ್ತಿರಲಿಲ್ಲ ಎಂಬುದಕ್ಕೂ ಇರುವ ದೂರವನ್ನು ನಾನು ಒಂದು ಕ್ರಿಯಾಪದದಿಂದ ಅಳಿಸಿಹಾಕಿದ್ದೆ. ಮೇಲ್ಮನವಿ ಕೇಳುವವರು ಅಂದು ಆ ಕೊಠಡಿಯಲ್ಲಿ ಇರಲಿಲ್ಲ. ಅವನ ದನಿಯನ್ನೂ ಆ ಮೌನವನ್ನೂ ಅವರು ಕೇಳಿರಲಿಲ್ಲ. ಅವರ ಮುಂದೆ ಇರುವುದು ಚಿತ್ರಣ ಮತ್ತು ನನ್ನ ಪುಟ ಮಾತ್ರ.

ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ, ಓಟ ಮುಗಿಸಿ ಬಂದ ಕುದುರೆಗಳ ಮೂತ್ರದ ಮಾದರಿ ತೆಗೆಯುವ ಲಾಯವಿತ್ತು. ಅಲ್ಲಿನ ಶಿಸ್ತನ್ನು ನಾನು ಹಲವು ಸಲ ನಿಂತು ನೋಡಿದ್ದೆ. ಮಾದರಿಯನ್ನು ಎರಡು ಬಾಟಲಿಗಳಿಗೆ ಹಂಚುತ್ತಾರೆ. ಮೊದಲನೆಯದರಲ್ಲಿ ನಿಷೇಧಿತ ಔಷಧ ಕಂಡುಬಂದರೆ, ಎರಡನೆಯದನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಹಕ್ಕು ಕುದುರೆಯ ಕಡೆಯವರಿಗಿರುತ್ತದೆ. ಬಾಟಲಿಗೆ ಮುದ್ರೆ ಹಾಕುವಾಗ ಕುದುರೆಯನ್ನು ನೋಡಿಕೊಳ್ಳುವ ಸೈಸ್ ಅಲ್ಲೇ ನಿಂತು ನೋಡಿ ಸಹಿ ಮಾಡುತ್ತಾನೆ. ಕುದುರೆಯ ಹೆಸರು ಬಾಟಲಿಯ ಚೀಟಿಯ ಮೇಲೆ ಇರುವುದಿಲ್ಲ, ಸಂಖ್ಯೆ ಮಾತ್ರ, ಪರೀಕ್ಷಿಸುವವರಿಗೆ ಅದು ಯಾರ ಕುದುರೆಯೆಂದು ತಿಳಿಯಬಾರದು ಎಂದು. 1968ರ ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ಡ್ಯಾನ್ಸರ್ಸ್ ಇಮೇಜ್, 2021ರಲ್ಲಿ ಮೊದಲು ಬಂದ ಮೆಡಿನಾ ಸ್ಪಿರಿಟ್ ಗೆಲುವನ್ನು ಕಳೆದುಕೊಂಡದ್ದು ಇಂಥ ಮಾದರಿಗಳು ಹೇಳಿದ ಸಾಕ್ಷ್ಯದಿಂದಲೇ. ಅಷ್ಟು ದೊಡ್ಡ ಪರಿಣಾಮವುಳ್ಳ ಸಾಕ್ಷ್ಯಕ್ಕೆ ಅಷ್ಟು ಕಾವಲು ಬೇಕೇ ಬೇಕು. ಆದರೆ ಹುಡುಗನ ಮಾತು ಅವನ ಬಾಯಿಂದ ಹೊರಟು ಕಡತ ಸೇರುವ ನಡುವೆ ಮುದ್ರೆಯೂ ಇರಲಿಲ್ಲ, ಸಹಿಯೂ ಇರಲಿಲ್ಲ. ನಾನೊಬ್ಬನೇ ಇದ್ದೆ.

ಸಾಕ್ಷ್ಯ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರೇಸಿನ ಚರಿತ್ರೆಯಲ್ಲಿ ಹಳೆಯ ಪ್ರಕರಣವೊಂದಿದೆ. 1844ರ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲಾದ ಓಟ. ಅದನ್ನು ಗೆದ್ದ ‘ರನ್ನಿಂಗ್ ರೀನ್’ ನಿಜವಾಗಿ ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆಯೆಂಬ ಆರೋಪ ಬಂತು. ರೇಸಿನ ವಲಯದಲ್ಲಿ ಪ್ರಭಾವಿಯಾಗಿದ್ದ ಲಾರ್ಡ್ ಜಾರ್ಜ್ ಬೆಂಟಿಂಕ್ ಹಟ ಹಿಡಿದು ಪುರಾವೆ ಕೂಡಿಸಿದರು. ಕುದುರೆಯ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ, ಆದ್ದರಿಂದ ಮಾಲೀಕರು ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಕುದುರೆಯನ್ನೇ ತಂದು ತೋರಿಸಿ ಎಂದರು. ಕುದುರೆ ಆ ಹೊತ್ತಿಗೆ ಕಣ್ಮರೆಯಾಗಿತ್ತು. ಮೊಕದ್ದಮೆ ಅಲ್ಲಿಗೇ ಮುರಿದುಬಿತ್ತು, ಗೆಲುವು ಎರಡನೆಯದಾಗಿ ಬಂದಿದ್ದ ಆರ್ಲ್ಯಾಂಡೊಗೆ ಹೋಯಿತು. ಇಂದು ಕುದುರೆಯ ಕುತ್ತಿಗೆಯಲ್ಲಿರುವ ಮೈಕ್ರೋಚಿಪ್ಪು ಆ ಮೋಸಕ್ಕೆ ಬಹುಮಟ್ಟಿಗೆ ದಾರಿ ಮುಚ್ಚಿದೆ. ನನ್ನ ಟಿಪ್ಪಣಿ ಪುಸ್ತಕ ಮಾತ್ರ ಯಾರೂ ‘ತಂದು ತೋರಿಸಿ’ ಎಂದು ಕೇಳದ ಸಾಕ್ಷಿಯಾಗಿತ್ತು. ಅದು ಕಡತದ ಭಾಗವೇ ಆಗಿರಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೇ ಹೆಚ್ಚು ಹಿಂಸೆ ಕೊಟ್ಟಿತು. ಬೆಳಿಗ್ಗೆ ಮೇಲಿನ ಅಧಿಕಾರಿಯ ಬಳಿಗೆ ಪುಸ್ತಕವನ್ನೂ ಪುಟವನ್ನೂ ಒಯ್ದು ಮೇಜಿನ ಮೇಲೆ ಇಟ್ಟೆ. ಅವರು ಎರಡನ್ನೂ ಓದಿ, ‘ಅರ್ಥ ಒಂದೇ ಅಲ್ಲವೇ? ಈಗ ತಿದ್ದಿದರೆ ಕಡತವನ್ನೇ ಜನ ಅನುಮಾನಿಸುತ್ತಾರೆ’ ಎಂದರು. ಅವರ ಆತಂಕ ಪೊಳ್ಳಾಗಿರಲಿಲ್ಲ. ಮೇಲ್ಮನವಿ ಸಲ್ಲಿಕೆಯಾದ ಮೇಲೆ ದಾಖಲೆ ಬದಲಾದರೆ ಯಾರು ಬೇಕಾದರೂ ಬೆರಳು ತೋರಿಸಬಹುದು. ಆದ್ದರಿಂದ ನಾನು ಪುಟವನ್ನು ಬದಲಿಸುವುದು ಬೇಡ, ಅದು ಇದ್ದಂತೆಯೇ ಇರಲಿ, ಅದರ ಜೊತೆಗೆ ಟಿಪ್ಪಣಿಯ ಪ್ರತಿಯನ್ನೂ ತಪ್ಪು ನನ್ನದೆಂದು ಒಪ್ಪಿದ ಪತ್ರವನ್ನೂ ಸೇರಿಸೋಣ ಎಂದು ಕೇಳಿಕೊಂಡೆ. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ನನಗೆ ಒಂದು ಲಿಖಿತ ಎಚ್ಚರಿಕೆಯೂ ಬಂತು. ಅದು ನ್ಯಾಯವಾಗಿಯೇ ಇತ್ತು.

ವಿಚಾರಣೆಯ ದಿನ ಮೇಲ್ಮನವಿ ಮಂಡಳಿ ನನ್ನ ಪತ್ರವನ್ನು ಮೊದಲು ಓದಿಸಿತು. ಬಳಿಕ ಹುಡುಗನನ್ನು ಕರೆದು ಅದೇ ಪ್ರಶ್ನೆಯನ್ನು ಕೇಳಿದರು. ಈ ನಡುವೆ ಮಾಲೀಕರೂ ಟ್ರೇನರೂ ಅವನ ಕಿವಿಯಲ್ಲಿ ಎಷ್ಟು ಹೇಳಿದ್ದರೋ, ಅವನು ಮಾತು ಬದಲಿಸಿದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವನು ಅಂದಿನ ಮಾತನ್ನೇ ಹೇಳಿದ, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಮಂಡಳಿ ಫಲಿತಾಂಶವನ್ನು ಬದಲಿಸಲಿಲ್ಲ. ಆದರೆ ಆದೇಶದಲ್ಲಿ ಕಾರಣಗಳನ್ನು ಬರೆಯಿತು: ಅಡ್ಡಿ ಸ್ಪಷ್ಟವಾಗಿ ಸಾಬೀತಾಗಿದೆ; ಸವಾರನು ಲಗಾಮು ಎಳೆದದ್ದು ಸರಿ; ಅಡ್ಡಿ ಇಲ್ಲದಿದ್ದರೆ ಅವನ ಕುದುರೆ ಮುಂದೆ ಬರುತ್ತಿತ್ತೆಂದು ಚಿತ್ರಣದಿಂದ ಖಚಿತವಾಗಿ ಹೇಳಲಾಗದು; ಆದ್ದರಿಂದ ನಿಯಮದಂತೆ ಸ್ಥಾನ ಬದಲಿಸುವಂತಿಲ್ಲ.

ಆ ನಿಯಮವನ್ನು ನಾನು ಇಂದಿಗೂ ಪೂರ್ತಿಯಾಗಿ ಒಪ್ಪಲಾರೆ. ಸಂದೇಹ ಉಳಿದಾಗ ಅದರ ಲಾಭ ಅಡ್ಡ ಬಂದವರಿಗೇ ಹೋಗುತ್ತದೆ. ಕುದುರೆ ವಾಲುತ್ತಿರುವುದನ್ನು ಕಂಡೂ ಇನ್ನೆರಡು ಏಟು ಹಾಕಿದ ಸವಾರನ ಪಾಲಿಗಾದರೂ ಆ ಲಾಭ ತಪ್ಪಬೇಕಿತ್ತು. ಬ್ರಿಟನ್ನಿನಲ್ಲಿ 2023ರಿಂದ, ಚಾವಟಿಯ ಏಟುಗಳು ಮಿತಿಗಿಂತ ನಾಲ್ಕು ಅಥವಾ ಹೆಚ್ಚು ಮೀರಿದರೆ ಜಾಕಿಗೆ ಶಿಕ್ಷೆಯಾಗುವುದು ಮಾತ್ರವಲ್ಲ, ಕುದುರೆಯೂ ಅನರ್ಹಗೊಳ್ಳುತ್ತದೆ. ಅಂಥದೊಂದು ಗೆರೆಯನ್ನು ಅಡ್ಡಿಯ ವಿಷಯದಲ್ಲಿಯೂ ಎಳೆಯಲು ಸಾಧ್ಯವಿದೆ. ಹೇಗಿದ್ದರೂ ಸೌಮ್ಯವಾಗಿ ನಿಜ ಹೇಳಿದವನ ಮಾತಿನ ಮೇಲೆಯೇ ಅವನ ಸೋಲನ್ನು ಕಟ್ಟುವುದು ಸರಿಯಲ್ಲ. ಆ ಆದೇಶದಲ್ಲಿ ಸೋಲಿನ ಹೊಣೆ ಹುಡುಗನ ಒಪ್ಪಿಗೆಯ ಮೇಲೆ ಬೀಳಲಿಲ್ಲ, ನಿಯಮದ ಮೇಲೆ ಬಿತ್ತು. ನನ್ನ ಪುಟವೊಂದೇ ಕಡತದಲ್ಲಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಮಂಡಳಿ ಎದ್ದ ಮೇಲೆ ಪಡಸಾಲೆಯಲ್ಲಿ ಹುಡುಗ ಸಿಕ್ಕಿದ. ನಾನು ಕ್ಷಮೆ ಕೇಳಿದೆ. ‘ಬರೆದದ್ದು ನನಗೆ ತೋರ್ಸಿದ್ರೆ ಅವತ್ತೇ ಹೇಳ್ತಿದ್ದೆ ಸರ್’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ವಾರದಿಂದ, ಅಧಿಕಾರಿಯ ಅನುಮತಿ ಪಡೆದು, ಪ್ರತಿಯೊಬ್ಬರ ಹೇಳಿಕೆಯನ್ನು ಅವರಾಡಿದ ಮಾತಿನಲ್ಲೇ ಬರೆದು, ಕೊಠಡಿ ಬಿಡುವ ಮೊದಲು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಕೆಳಗೆ ಸಹಿ ಹಾಕಿಸಿಕೊಳ್ಳತೊಡಗಿದೆ. ಪ್ರತಿ ವಿಚಾರಣೆಗೂ ಐದಾರು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಹೊರಗೆ ಜನ ಗುಣುಗುಟ್ಟುತ್ತಿದ್ದರು, ಮುಂದಿನ ಓಟದ ಕುದುರೆಗಳು ಕಾಯುತ್ತಿದ್ದವು. ಮೊದಲ ವಾರವೇ ಇನ್ನೊಬ್ಬ ಜಾಕಿ ನಾನು ಓದುವಾಗ ಕೈ ಎತ್ತಿ, ‘ಅದು ಹಾಗಲ್ಲ, ನಾನು ಹೇಳಿದ್ದು ಬೇರೆ’ ಎಂದರು. ನಾನು ಆ ಸಾಲನ್ನು ಹೊಡೆದುಹಾಕಿ ಅವರೆದುರಿಗೇ ತಿದ್ದಿ ಬರೆದೆ.