ಹಳೆಯ ಕಥೆ, ಹೊಸ ಗ್ರಹ

ಬಳ್ಳಾರಿಯ ಮನೆಯಲ್ಲಿ ನಿನ್ನೆ ಜೇಮ್ಸ್ ಕ್ಯಾಮರೂನ್ ಅವರ 2009ರ ‘ಅವತಾರ್’ ಚಿತ್ರವನ್ನು ಮತ್ತೆ ನೋಡಿದೆ. ಹೊರಗಿನಿಂದ ಬಂದವನು ಕಾಡಿನ ಜನರೊಡನೆ ಬೆರೆತು ಕೊನೆಗೆ ತನ್ನವರ ವಿರುದ್ಧವೇ ನಿಲ್ಲುವ ಈ ಕಥೆ ಹಳೆಯದೆಂಬ ಆಕ್ಷೇಪ ಸರಿಯೇ. ಆದರೆ ಸಂಡೂರಿನ ಬೆಟ್ಟಗಳನ್ನು ಅಗೆದದ್ದನ್ನೂ, 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆಯನ್ನು ತಡೆದದ್ದನ್ನೂ ಕಂಡಿರುವ ನಮಗೆ, ಅದಿರಿಗಾಗಿ ನೆಲ ಬಗೆಯುವ ಆ ಯಂತ್ರಗಳು ಬೇರೆ ಗ್ರಹದವೆಂದು ಅನಿಸುವುದಿಲ್ಲ.

ಮರುಬಳಕೆಯೇ ದೋಷವೆನ್ನುವುದಾದರೆ 1977ರ ‘ಸ್ಟಾರ್ ವಾರ್ಸ್’ ಕೂಡ ಉಳಿಯದು. ಸಾಮಾನ್ಯರಿಬ್ಬರ ಕಣ್ಣಿನಿಂದ ದೊಡ್ಡ ಕಥೆಯನ್ನು ಹೇಳುವ ಕ್ರಮವನ್ನು ಜಾರ್ಜ್ ಲ್ಯೂಕಾಸ್ ಪಡೆದದ್ದು ಅಕಿರಾ ಕುರೊಸಾವಾ ಅವರ 1958ರ ‘ದಿ ಹಿಡನ್ ಫೋರ್ಟ್ರೆಸ್’ನಿಂದ, ಅಲ್ಲಿ ಸದಾ ಜಗಳವಾಡುವ ಇಬ್ಬರು ರೈತರು ಇಲ್ಲಿ ಎರಡು ರೋಬೋಟ್‌ಗಳಾದರು. ನಮ್ಮ ಕಡೆಯ ಬಯಲಾಟದ ಪ್ರೇಕ್ಷಕರಿಗೂ ದುರ್ಯೋಧನ ಸೋಲುವುದು ಮೊದಲೇ ಗೊತ್ತಿರುತ್ತದೆ. ಈ ಸಲದ ವೇಷಧಾರಿ ಹೇಗೆ ಸೋಲುತ್ತಾನೆಂದು ನೋಡಲು ಬೆಳಗಿನವರೆಗೂ ಕೂರುತ್ತಾರೆ.

ನನಗೆ ಬೇಸರ ತರಿಸುವುದು ‘ಸ್ಟಾರ್ ವಾರ್ಸ್’ ಸರಣಿಯದೇ ಆದ 2015ರ ‘ದಿ ಫೋರ್ಸ್ ಅವೇಕನ್ಸ್’ನಂಥ ಪುನರಾವರ್ತನೆ. ಮರುಭೂಮಿಯಲ್ಲಿ ಬೆಳೆದ ಯುವಜೀವ, ರೋಬೋಟಿನೊಳಗೆ ಅಡಗಿಸಿದ ಗುಟ್ಟು, ಗ್ರಹಗಳನ್ನೇ ಸುಡುವ ಆಯುಧ, ಹೀಗೆ ಸರಣಿಯ ಮೊದಲ ಚಿತ್ರದ ಸಾಮಗ್ರಿಯನ್ನೇ ಅದು ಗಾತ್ರ ಹಿಗ್ಗಿಸಿ ಮತ್ತೆ ಮುಂದಿಟ್ಟಿತು. ಗಳಿಕೆಯೇನೋ 200 ಕೋಟಿ ಡಾಲರ್ ದಾಟಿತು.