ಹರ್ಪಿಸ್ ಬುಡದಿಂದ ಹೋಗುವ ಮದ್ದು ಇದೆಯಂತೆ, ಹೌದೇ?

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಔಷಧದಂಗಡಿಯಲ್ಲಿ ಕೂರುವವರಿಗೆ ಈ ಪ್ರಶ್ನೆ ಹೊಸದಲ್ಲ. ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ಮೊಬೈಲನ್ನು ನನ್ನ ಕಡೆಗೆ ತಿರುಗಿಸಿ, "ಅಕ್ಕಾ, ಇದನ್ನು ತರಿಸಬಹುದೇ?" ಎಂದು ಕೇಳುತ್ತಾರೆ. ಒಮ್ಮೆ ಗಿಡಮೂಲಿಕೆಯ ಕಷಾಯ, ಒಮ್ಮೆ ಲೈಸಿನ್ ಮಾತ್ರೆ, ಒಮ್ಮೆ ಬೆಳ್ಳಿಯ ಕಣಗಳಿರುವ ನೀರು. ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸಿ ಕುಡಿಯಲು ಹೇಳಿದ ವಿಡಿಯೊವನ್ನೂ ತೋರಿಸಿದವರಿದ್ದಾರೆ.

ನನ್ನ ಉತ್ತರ: ತುಟಿಯಲ್ಲೋ ಗುಪ್ತಾಂಗದಲ್ಲೋ ಗುಳ್ಳೆ ಎಬ್ಬಿಸುವ ಈ ಹರ್ಪಿಸ್ ವೈರಸ್ಸನ್ನು ದೇಹದಿಂದ ಪೂರ್ತಿ ಹೊರಹಾಕುವ ಮದ್ದು ಇವತ್ತಿಗೆ ಯಾವ ಪದ್ಧತಿಯಲ್ಲೂ ಇಲ್ಲ. ನಾನು ಮಾರುವ, ವೈರಸ್ಸನ್ನು ತಡೆಯುವ ಅಸೈಕ್ಲೊವಿರ್ ಮಾತ್ರೆಗೂ ಆ ಶಕ್ತಿಯಿಲ್ಲ.

ಕೂಡಲೇ ಇನ್ನೊಂದು ಮಾತು ಬರುತ್ತದೆ. "ನಮ್ಮ ಮಾವನಿಗೆ ಪಂಡಿತರ ಮದ್ದಿನಲ್ಲೇ ಗುಣವಾಯಿತಲ್ಲ?" ವಿಚಾರಿಸಿದರೆ ಮಾವನಿಗೆ ಬಂದದ್ದು ಸರ್ಪಸುತ್ತು. ಅದು ಹರ್ಪಿಸ್ ಝೋಸ್ಟರ್. ಎಳವೆಯಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವರ್ಷಗಳ ನಂತರ ಎದ್ದು ಬರುವ ಕಾಯಿಲೆ. ತುಟಿಯಲ್ಲಿ, ಗುಪ್ತಾಂಗದಲ್ಲಿ ಮತ್ತೆ ಮತ್ತೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ಅದೇ ಕುಟುಂಬದ ಬೇರೊಂದು ವೈರಸ್. ಸರ್ಪಸುತ್ತಿಗೆ ನಮ್ಮಲ್ಲಿ ಕೆಮ್ಮಣ್ಣು ಹಚ್ಚುತ್ತಾರೆ, ಗರಿಕೆ ಅರೆದು ಹಚ್ಚುತ್ತಾರೆ, ಮಂತ್ರ ಹಾಕಿಸುತ್ತಾರೆ. ಗುಳ್ಳೆಗಳ ಸಾಲು ಮೈಯನ್ನು ಸುತ್ತಿ ಅದರ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಎಂದು ಮನೆಮಂದಿಯೆಲ್ಲ ಹೆದರುತ್ತಾರೆ. ಆದರೆ ಗುಳ್ಳೆಗಳು ಏಳುವುದು ಸಾಮಾನ್ಯವಾಗಿ ಮೈಯ ಒಂದೇ ಬದಿಯ ನರದ ಗುಂಟ. ನಡುಗೆರೆ ದಾಟದ ಕಾರಣ ಸುತ್ತು ಪೂರ್ತಿಯಾಗುವುದೇ ಅಪರೂಪ. ಎರಡರಿಂದ ನಾಲ್ಕು ವಾರಗಳಲ್ಲಿ ಗುಳ್ಳೆ ತಾನಾಗಿ ಒಣಗುತ್ತದೆ, ಕೀರ್ತಿ ಕೆಮ್ಮಣ್ಣಿಗೆ ಹೋಗುತ್ತದೆ. ಈ ಮಧ್ಯೆ ಕಳೆದುಹೋಗುವುದು ಮೊದಲ 72 ಗಂಟೆ. ಆ ಹೊತ್ತಿನೊಳಗೆ ವೈರಸ್ ವಿರೋಧಿ ಮಾತ್ರೆ ಶುರುಮಾಡಿದರೆ ಪ್ರಯೋಜನ ಹೆಚ್ಚು. ಗುಳ್ಳೆ ಮಾಸಿ ತಿಂಗಳುಗಳಾದರೂ ಅಂಗಿ ತಾಗಿದರೆ ಉರಿಯುವ ನರದ ನೋವನ್ನು ಹೊತ್ತು ನಡೆಯುವ ಹಿರಿಯರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರಂತೂ ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಬೇಕು, ದೃಷ್ಟಿಯೇ ಹೋಗಬಹುದು.

ಸಿಂಪ್ಲೆಕ್ಸ್ ವಿಚಾರದಲ್ಲೂ ಕೀರ್ತಿ ಹೀಗೆಯೇ ತಪ್ಪಿದ ಕಡೆಗೆ ಹೋಗುತ್ತದೆ. ಮರುಕಳಿಸಿದ ಗುಳ್ಳೆ ಒಂದೆರಡು ವಾರದಲ್ಲಿ ಮದ್ದಿಲ್ಲದೆಯೂ ಮಾಯುತ್ತದೆ. ವರ್ಷ ಕಳೆದಂತೆ ಮರುಕಳಿಸುವುದೂ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಆ ಅವಧಿಯಲ್ಲಿ ಏನು ಕುಡಿದಿದ್ದರೂ ಅದೇ ಗುಣಪಡಿಸಿದಂತೆ ತೋರುತ್ತದೆ. "ಪರೀಕ್ಷೆ ನೆಗೆಟಿವ್ ಬಂತು" ಎಂದು ವರದಿ ತೋರಿಸುವ ಮಾರಾಟಗಾರರೂ ಇದ್ದಾರೆ. ಗುಳ್ಳೆ ಇಲ್ಲದ ದಿನ ಚರ್ಮದ ಮಾದರಿ ತೆಗೆದರೆ ಅದು ನೆಗೆಟಿವ್ ಬರುವುದು ಸಹಜ. ವೈರಸ್ ಆಗ ನರದ ಬುಡದ ನರಗಂಟಿನಲ್ಲಿ ನಿದ್ರಿಸುತ್ತಿರುತ್ತದೆ.

ಅಸೈಕ್ಲೊವಿರ್‌ಗೆ ಮಿತಿ ಇರುವುದೂ ಈ ನಿದ್ರೆಯಿಂದಲೇ. ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳಲು ತಯಾರಿಸುವ ಕಿಣ್ವವೇ ಈ ಮದ್ದನ್ನು ಚುರುಕುಗೊಳಿಸುತ್ತದೆ. ಮಲಗಿದ ವೈರಸ್ ಆ ಕಿಣ್ವವನ್ನು ತಯಾರಿಸುವುದಿಲ್ಲ, ಮದ್ದು ಅದನ್ನು ಮುಟ್ಟುವುದೂ ಇಲ್ಲ. ಹಾಗಿರುವಾಗ ಚರ್ಮಕ್ಕೆ ಹಚ್ಚಿದ ಲೇಪ ನರಗಂಟಿನವರೆಗೆ ಹೇಗೆ ಹೋದೀತು? ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ವೈರಸ್ಸನ್ನು ತಡೆದ ಗಿಡಗಳು ಎಷ್ಟೋ ಇವೆ, ತಟ್ಟೆಯಲ್ಲಿ ನರವಿಲ್ಲ.

ಲೋಳೆಸರ ಹಚ್ಚಿ ತಂಪಾದರೆ ನನ್ನ ಅಡ್ಡಿಯಿಲ್ಲ. ಹಸಿ ಹುಣ್ಣಿಗೆ ಎಕ್ಕದ ಹಾಲು, ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆ ಖಂಡಿತ ಬೇಡ, ಚರ್ಮ ಸುಟ್ಟುಹೋಗುತ್ತದೆ. ಬೆಳ್ಳಿಯ ನೀರನ್ನು ಕುಡಿಯುತ್ತ ಹೋದರೆ ಚರ್ಮ ಶಾಶ್ವತವಾಗಿ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು. ಗಾಢ ಹೈಡ್ರೋಜನ್ ಪೆರಾಕ್ಸೈಡ್ ಕುಡಿದು ಸತ್ತವರಿದ್ದಾರೆ.

ಲೈಂಗಿಕ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ 1954ರ ಕಾಯಿದೆಯ ಪ್ರಕಾರವೇ ಅಪರಾಧ. ಆದರೂ ವ್ಯಾಪಾರ ನಡೆಯುತ್ತದೆ, ಏಕೆಂದರೆ ಕೊಂಡವರು ನಾಚಿಕೆಯಿಂದ ದೂರು ಕೊಡುವುದಿಲ್ಲ. ಜನರ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ನನಗೆ ಕೋಪವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು ಮೂವರಲ್ಲಿ ಇಬ್ಬರ ಮೈಯಲ್ಲಿ ಸಿಂಪ್ಲೆಕ್ಸ್‌ನ ಮೊದಲನೆಯ ಬಗೆ, ಅಂದರೆ ಹೆಚ್ಚಾಗಿ ತುಟಿಯಲ್ಲಿ ಗುಳ್ಳೆ ಎಬ್ಬಿಸುವಂಥದ್ದು, ಇದೆ. ಇದರಲ್ಲಿ ತಲೆ ತಗ್ಗಿಸುವಂಥದ್ದೇನಿದೆ?

ಊರಿನಲ್ಲಿ ಗುರುತು ಸಿಕ್ಕೀತು ಎಂಬ ಅಂಜಿಕೆಯಿದ್ದರೆ ಮಂಗಳೂರಿಗೆ ಬಸ್ಸಿದೆ. ಅಲ್ಲಿನ ಚರ್ಮರೋಗ ತಜ್ಞರನ್ನು ಕಾಣಿರಿ. ಪದೇ ಪದೇ ಮರುಕಳಿಸುವವರಿಗೆ ದಿನಾ ತೆಗೆದುಕೊಳ್ಳುವ ಮಾತ್ರೆ ಬರೆದುಕೊಡುತ್ತಾರೆ. ವ್ಯಾಲಸೈಕ್ಲೊವಿರನ್ನು ಹಾಗೆ ತೆಗೆದುಕೊಂಡವರಿಂದ ಸಂಗಾತಿಗೆ ಸೋಂಕು ತಗುಲುವುದು ಸುಮಾರು ಅರ್ಧದಷ್ಟು ಕಡಿಮೆಯಾದದ್ದು ಅಧ್ಯಯನದಲ್ಲಿ ಕಂಡಿದೆ. ಗುಳ್ಳೆಯಿರುವಾಗ ಕೂಡಬಾರದು, ಉಳಿದ ದಿನಗಳಲ್ಲಿ ಕಾಂಡೋಮ್ ಬೇಕು. ಗರ್ಭಿಣಿಯರು ಬೇರೆ ಯಾರಿಗೂ ಹೇಳದಿದ್ದರೂ ಹೆರಿಗೆ ಡಾಕ್ಟರಿಗೆ ಹೇಳಲೇಬೇಕು: ಹೆರಿಗೆಯ ಹೊತ್ತಿಗೆ ಗುಳ್ಳೆಗಳಿದ್ದರೆ ಸಿಸೇರಿಯನ್ ಮಾಡಿ ಮಗುವನ್ನು ಕಾಪಾಡಲು ಸಾಧ್ಯವಿದೆ.