ದಾವೀದನು ಕುಡಿಯದೆ ಬಿಟ್ಟ ನೀರು

ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಬೇರೆಲ್ಲೂ ನಾನು ಕೇಳದ ಒಂದು ಭಾಗವಿತ್ತು. ಕರ್ತನ ಪ್ರಾರ್ಥನೆ ಮುಗಿದ ಮೇಲೆ ಸತ್ಯವೇದ ಪಾಠ ಹೇಳುತ್ತಿದ್ದ ನಮ್ಮ ಟೀಚರ್ ಮುಂದೆ ಬರುತ್ತಿದ್ದರು. ಇನ್ನೊಬ್ಬರಿಗಾಗಿ ಆ ಹೊತ್ತಿನಲ್ಲಿ ಅಪಾಯಕ್ಕೆ ಎದುರಾಗಿ ನಿಂತವರನ್ನು ದೇವರ ಮುಂದೆ ನೆನೆಯುತ್ತಿದ್ದರು. ಎಲ್ಲರನ್ನೂ ಕಾಪಾಡು ಎಂದು ಒಟ್ಟಾರೆಯಾಗಿ ಹೇಳಿ ಮುಗಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ಒಂದು ದಿನ ಬಿರುಗಾಳಿಯ ನಂತರ ಕಂಬ ಹತ್ತಿದ ಲೈನ್‌ಮನ್, ಇನ್ನೊಂದು ದಿನ ಸೋಂಕಿನ ವಾರ್ಡಿನ ನರ್ಸ್, ಮತ್ತೊಂದು ದಿನ ಕುಸಿದ ಗಣಿಯೊಳಗೆ ಇಳಿಯುವ ರಕ್ಷಣಾ ತಂಡ. ಆ ಕೆಲಸದಲ್ಲಿ ಜೀವಕ್ಕೆ ಕುತ್ತು ಎಲ್ಲಿಂದ ಬರುತ್ತದೆ ಎಂಬುದನ್ನೂ ಪ್ರಾರ್ಥನೆಯಲ್ಲೇ ಹೇಳುತ್ತಿದ್ದರು.

ಅವರು ಮತ್ತೆ ಮತ್ತೆ ಓದಿಸುತ್ತಿದ್ದದ್ದು ಬೈಬಲಿನ ಎರಡನೆಯ ಸಮುವೇಲ ಪುಸ್ತಕದ ಇಪ್ಪತ್ತಮೂರನೆಯ ಅಧ್ಯಾಯ. ಬೇತ್ಲೆಹೇಮ್ ಫಿಲಿಷ್ಟಿಯರ ಕೈಯಲ್ಲಿದೆ. ಊರ ಬಾಗಿಲಿನ ಬಳಿಯ ಬಾವಿಯ ನೀರನ್ನು ಯಾರಾದರೂ ತಂದುಕೊಟ್ಟರೆ ಎಷ್ಟು ಚೆನ್ನ ಎಂದು ಇಸ್ರಾಯೇಲಿನ ಅರಸ ದಾವೀದ ಹಂಬಲಿಸುತ್ತಾನೆ. ಮೂವರು ಶೂರರು ಶತ್ರುಗಳ ಪಾಳೆಯವನ್ನು ಭೇದಿಸಿ ಹೋಗಿ ನೀರು ತರುತ್ತಾರೆ. ದಾವೀದನು ಅದನ್ನು ಕುಡಿಯದೆ ಕರ್ತನ ಸನ್ನಿಧಿಯಲ್ಲಿ ಹೊಯ್ದುಬಿಡುತ್ತಾನೆ. ಜೀವದ ಹಂಗು ತೊರೆದು ಹೋದವರ ರಕ್ತವನ್ನು ನಾನು ಕುಡಿಯಲೇ ಎಂದು ಕೇಳುತ್ತಾನೆ.

ತರಗತಿಯಲ್ಲಿ ನಮಗೆಲ್ಲ ಇದು ವಿಚಿತ್ರವೆನಿಸಿತ್ತು. ಅಷ್ಟು ಕಷ್ಟಪಟ್ಟು ತಂದವರ ಎದುರಿಗೇ ನೀರು ಚೆಲ್ಲುವುದು ಕೃತಜ್ಞತೆ ಹೇಗಾಗುತ್ತದೆ? ಟೀಚರ್ ವಿವರಿಸಿದ್ದು ಹೀಗೆ: ತನ್ನ ಆಸೆ ಮೂರು ಜೀವಗಳಷ್ಟು ಬೆಲೆಯುಳ್ಳದ್ದಲ್ಲ ಎಂಬುದು ಆ ನೀರು ಕೈಗೆ ಬಂದಾಗ ದಾವೀದನಿಗೆ ತಿಳಿಯಿತು. ಅಂಥ ಕಾಣಿಕೆಗೆ ಅರ್ಹನಾದವನು ದೇವರೊಬ್ಬನೇ ಎಂದು ಅದನ್ನು ಆತನಿಗೆ ಅರ್ಪಿಸಿದ. ಇನ್ನೊಬ್ಬರನ್ನು ಅಪಾಯಕ್ಕೆ ಕಳುಹಿಸುವ ಮುನ್ನವೇ ಇದನ್ನು ಯೋಚಿಸುವುದು ನಮ್ಮ ಪಾಲಿನ ಕೃತಜ್ಞತೆ ಎಂದರು.

ಈ ಮಾತಿನ ತೂಕ ನನಗೆ ಅರ್ಥವಾದದ್ದು ನನ್ನ ತಮ್ಮ ಅಗ್ನಿಶಾಮಕ ದಳ ಸೇರಿದ ಮೇಲೆ. ಬೆಂಕಿ ಹತ್ತಿದ ದಿನ ಜನ ಅವರಿಗೆ ಕೈಮುಗಿಯುತ್ತಾರೆ. ಉಳಿದ ದಿನಗಳಲ್ಲಿ ಅವರ ವಾಹನ ಹೋಗಬೇಕಾದ ದಾರಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಾರೆ, ತಮಾಷೆಗೆಂದು ಸುಳ್ಳು ಕರೆ ಮಾಡುತ್ತಾರೆ. ಉಸಿರಾಡುವ ಗಾಳಿಯಿಲ್ಲದ ಜಾಗಕ್ಕೆ ಉಸಿರಾಟದ ಉಪಕರಣವಿಲ್ಲದೆ ಮನುಷ್ಯರನ್ನು ಇಳಿಸುವವರೂ ಇದ್ದಾರೆ. ಒಳಚರಂಡಿಯ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಎಚ್ಚರಿಕೆ ಸಿಗುವ ಮೊದಲೇ ಮನುಷ್ಯ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಜೊತೆಗಾರನೂ ಅಲ್ಲೇ ಬೀಳುತ್ತಾನೆ. ಅವರು ಸತ್ತ ಮೇಲೆ ಹೂಹಾರ ಹಾಕುವ ಕೈಗಳು ಮೊದಲೇ ಒಂದು ಮುಖಕವಚವನ್ನೂ ಹಗ್ಗವನ್ನೂ ಕೊಡಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಈ ಸಿಟ್ಟು ಪ್ರಾರ್ಥನೆಗೆ ಹೊರತಾದದ್ದು ಎಂದು ನಾನು ಎಣಿಸುವುದಿಲ್ಲ.

ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳನ್ನೂ ಟೀಚರ್ ಈ ಕಣ್ಣಿನಿಂದಲೇ ಓದಿಸುತ್ತಿದ್ದರು. ಜೊತೆಕೆಲಸಗಾರರಾದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ತನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದರೆಂದು ರೋಮಾಪುರದವರಿಗೆ ಆತ ಬರೆಯುತ್ತಾನೆ. ಸಾಯುವ ಸ್ಥಿತಿಗೆ ಹೋಗಿ ಬದುಕಿಬಂದ ಎಪಫ್ರೊದೀತನಂಥವರನ್ನು ಗೌರವಿಸಬೇಕೆಂದು ಫಿಲಿಪ್ಪಿಯವರಿಗೆ ಹೇಳುತ್ತಾನೆ.

ಪೋಲೆಂಡಿನ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆಯ ಕಥೆಯನ್ನಂತೂ ಅವರು ಹೇಳಿದ ರೀತಿಯಲ್ಲಿ ನಾನು ಬೇರೆ ಯಾರಿಂದಲೂ ಕೇಳಿಲ್ಲ. 1941ರಲ್ಲಿ ನಾಜಿಗಳ ಆಶ್ವಿಟ್ಜ್ ಸೆರೆಶಿಬಿರದ ಕೈದಿಯೊಬ್ಬ ಕಾಣೆಯಾದುದಕ್ಕೆ ಪ್ರತೀಕಾರವಾಗಿ 10 ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲೊಬ್ಬನಾದ ಫ್ರಾನ್ಸಿಶೆಕ್ ಗಯೋವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದಾಗ, ಅವನ ಬದಲಿಗೆ ನಾನು ಹೋಗುತ್ತೇನೆ ಎಂದು ಕೋಲ್ಬೆ ಮುಂದೆ ಬಂದರು. ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ನೀಡಿ ಅವರನ್ನು ಕೊಂದರು. ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಟೀಚರ್ ಮಾತ್ರ ಬದುಕಿ ಉಳಿದವನ ಹಿಂದೆ ಹೋಗುತ್ತಿದ್ದರು. ಗಯೋವ್ನಿಚೆಕ್ ಮನೆಗೆ ಮರಳಿದಾಗ ಹೆಂಡತಿ ಇದ್ದಳು, ಇಬ್ಬರು ಗಂಡುಮಕ್ಕಳು ಯುದ್ಧದಲ್ಲಿ ತೀರಿಕೊಂಡಿದ್ದರು. ಯಾವ ಮಕ್ಕಳಿಗಾಗಿ ಅತ್ತಿದ್ದನೋ ಆ ಮಕ್ಕಳೇ ಇಲ್ಲದ ಮನೆಯಲ್ಲಿ ಅವನು ಬಾಳಬೇಕಾಯಿತು. ಆದರೂ ತನಗಾಗಿ ಸತ್ತವರ ಸಂಗತಿಯನ್ನು ಕಂಡಕಂಡವರಿಗೆ ಹೇಳುತ್ತಾ ಬಂದ. 1982ರಲ್ಲಿ ಕೋಲ್ಬೆಯನ್ನು ಸಂತರೆಂದು ಘೋಷಿಸಿದಾಗ ರೋಮಿನಲ್ಲಿ ಹಾಜರಿದ್ದ. 1995ರಲ್ಲಿ ತೀರಿಕೊಂಡ.

ಕಾಪಾಡಲು ಹೋದವರನ್ನೇ ದೇವರು ಏಕೆ ಕಾಪಾಡುವುದಿಲ್ಲ ಎಂದು ನಾನು ಒಮ್ಮೆ ಎದ್ದು ನಿಂತು ಕೇಳಿದ್ದೆ. ಅವರು ಸಮಾಧಾನದ ಮಾತೇನನ್ನೂ ಆಡದೆ ಗೆತ್ಸೇಮನೆ ತೋಟದ ಭಾಗವನ್ನು ತೆಗೆದು ಓದಿಸಿದರು. ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ ದೇವರ ಮಗನಾದ ಯೇಸುವಿಗೂ ಆ ರಾತ್ರಿ ಬಿಡುಗಡೆ ಸಿಗಲಿಲ್ಲ. ನನ್ನ ಪ್ರಶ್ನೆ ಅದರಿಂದ ತೀರಲಿಲ್ಲ. ನನ್ನ ತಮ್ಮ ರಾತ್ರಿಪಾಳಿಗೆ ಹೊರಟಾಗಲೆಲ್ಲ ಅದು ಏಳುತ್ತದೆ. ಆದರೆ ಅದನ್ನು ಯಾರ ಮುಂದೆ ಇಡಬೇಕೆಂಬುದು ನನಗೆ ಆವತ್ತೇ ತಿಳಿಯಿತು.

ವರ್ಷದ ಕೊನೆಯಲ್ಲಿ ಟೀಚರ್ ನಮ್ಮಿಂದ ಅಗ್ನಿಶಾಮಕ ಠಾಣೆಗೆ, ಆಸ್ಪತ್ರೆಗೆ, ಪೌರಕಾರ್ಮಿಕರಿಗೆ ಪತ್ರ ಬರೆಸುತ್ತಿದ್ದರು. ಧನ್ಯವಾದ ಹೇಳಿದ ಮೇಲೆ, ನಿಮ್ಮ ಕೆಲಸಕ್ಕೆ ಯಾವ ಸಲಕರಣೆ ಕಡಿಮೆಯಿದೆ ಎಂದು ಕೇಳದೆ ಪತ್ರ ಮುಗಿಸುವಂತಿರಲಿಲ್ಲ. ಒಮ್ಮೆ ಕೈಗವಸು ಬೇಕೆಂದು ಉತ್ತರ ಬಂದಿತ್ತು, ನಾವು ಕಾಣಿಕೆ ಕೂಡಿಸಿ ಕೊಂಡು ಕೊಟ್ಟೆವು. ಈಗ ಓದುತ್ತಿರುವ ಮಕ್ಕಳು ಆ ಪತ್ರಗಳನ್ನು ಮತ್ತೆ ಬರೆಯಲಿ ಎಂಬುದು ನನ್ನ ಕೋರಿಕೆ. ಉತ್ತರದಲ್ಲಿ ಕೇಳಿದ ವಸ್ತುಗಳ ಖರ್ಚನ್ನು ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಹಂಚಿಕೊಳ್ಳುತ್ತೇವೆ.